ಆಲ್ಬಂ ನಡುವೆ ಪದೇ ಪದೇ ನಿಲ್ಲಿಸಿ ವಿವರಣೆ ಕೊಡುವ ಗೆಳೆಯನನ್ನು ಏನು ಮಾಡೋದು?

ಒಂಟಿಸ್ಪೀಕರ್:
ನಾವು ಐದು ಜನ ಗೆಳೆಯರು. ತಿಂಗಳಿಗೊಮ್ಮೆ ಯಾರಾದರೊಬ್ಬರ ಮನೆಯಲ್ಲಿ ಸೇರಿ ಒಂದು ಹಳೆಯ ಆಲ್ಬಂ ಪೂರ್ತಿ ಕೇಳುತ್ತೇವೆ. ಯಾವ ಆಲ್ಬಂ ಅನ್ನೋದನ್ನು ಸರದಿ ಪ್ರಕಾರ ಒಬ್ಬೊಬ್ಬರು ಆರಿಸುತ್ತೇವೆ. ಆಮೇಲೆ ಮಾತು, ವಾದ, ಸಣ್ಣಪುಟ್ಟ ಜಗಳ. ಚೆನ್ನಾಗಿಯೇ ನಡೆಯುತ್ತಿತ್ತು.

ನಮ್ಮಲ್ಲೊಬ್ಬ ಪಂಡಿತ ಇದ್ದಾನೆ. ನಿಜವಾಗಿ ತಿಳಿದವನೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಫೋನ್ ಅವನ ಕೈಗೆ ಹೋದರೆ ಮುಗಿಯಿತು. ಹೋದ ಸಲ ಪಿಂಕ್ ಫ್ಲಾಯ್ಡ್‌ನ 'ದ ಡಾರ್ಕ್ ಸೈಡ್ ಆಫ್ ದ ಮೂನ್' ಹಾಕಿದ್ದೆವು. 43 ನಿಮಿಷದ ಆಲ್ಬಂ. ಮುಗಿಯುವ ಹೊತ್ತಿಗೆ ಅರ್ಧ ರಾತ್ರಿ. ಒಂದು ಹಾಡಿನ ಶುರುವಿನಲ್ಲಿ ಗಡಿಯಾರಗಳು ಬಡಿದುಕೊಂಡ ತಕ್ಷಣ ನಿಲ್ಲಿಸಿದ. ಎಂಜಿನಿಯರ್ ಅಲನ್ ಪಾರ್ಸನ್ಸ್ ಆ ಗಡಿಯಾರಗಳನ್ನು ಒಂದೊಂದಾಗಿ ರೆಕಾರ್ಡ್ ಮಾಡಿದ ಕಥೆ ಬಂತು. ಪದಗಳೇ ಇಲ್ಲದ ಆ ಹಾಡು ಏರುತ್ತಾ ಏರುತ್ತಾ ಹೋಗುವಾಗ ಮತ್ತೆ ನಿಲ್ಲಿಸಿದ. ಅದನ್ನು ಹಾಡಿದ ಕ್ಲೇರ್ ಟೋರಿಗೆ ಆವತ್ತು ಸಿಕ್ಕಿದ್ದು 30 ಪೌಂಡ್, ಆಕೆ ಆಮೇಲೆ ಕೇಸ್ ಹಾಕಿದ್ದು, 2005ರಲ್ಲಿ ರಾಜಿಯಾಗಿ ಹಾಡು ಕಟ್ಟಿದವರ ಜೊತೆ ಆಕೆಯ ಹೆಸರೂ ಸೇರಿದ್ದು, ಎಲ್ಲಾ ಹೇಳಿದ. ಒಳ್ಳೇ ಕಥೆ. ಆದರೆ ಆಕೆ ಅಷ್ಟು ಜೀವ ಬಿಟ್ಟು ಹಾಡುತ್ತಿರುವಾಗಲೇ ಹೇಳಬೇಕಿತ್ತಾ?

ಇಬ್ಬರಿಗೆ ಈ ಕಥೆಗಳು ಇಷ್ಟ. ಇನ್ನೊಬ್ಬಳು ಹೀಗೇ ಆದರೆ ನಾನು ಬರಲ್ಲ ಅಂದಿದ್ದಾಳೆ. ನಿಮ್ಮಲ್ಲಿ ಹೇಗೆ ನಡೆಯುತ್ತೆ?

ಸೂಜಿಮೊನೆ:
ಫೋನ್ ಅವನ ಕೈಗೆ ಕೊಡಬೇಡಿ. ಚರ್ಚೆ ಮುಗಿಯಿತು.

ಮೂರನೇತಂತಿ:
ಇದಕ್ಕೆ ಮೊದಲೇ ದಾರಿ ಹುಡುಕಿದವರಿದ್ದಾರೆ. ಕಾಲೀನ್ ಮರ್ಫಿ ಅನ್ನೋ ಡಿಜೆ 2010ರಲ್ಲಿ ಲಂಡನ್‌ನಲ್ಲಿ 'ಕ್ಲಾಸಿಕ್ ಆಲ್ಬಂ ಸಂಡೇಸ್' ಅಂತ ಶುರು ಮಾಡಿದರು. ಒಳ್ಳೆಯ ಸಿಸ್ಟಂನಲ್ಲಿ ಒಂದು ಎಲ್‌ಪಿ (ಎರಡು ಬದಿಯ ದೊಡ್ಡ ರೆಕಾರ್ಡ್ ತಟ್ಟೆ) ಮೊದಲಿನಿಂದ ಕೊನೆವರೆಗೆ ಕೇಳಬೇಕು. ಆಲ್ಬಂ ಓಡುವಾಗ ಮಾತಿಲ್ಲ, ಫೋನಿಲ್ಲ. ಆದರೆ ಹಾಕುವ ಮೊದಲು ಅದರ ಹಿನ್ನೆಲೆ ಹೇಳುತ್ತಾರೆ. ನಿಮ್ಮ ಪಂಡಿತರಿಗೂ ಮೊದಲು ಹದಿನೈದು ನಿಮಿಷ ಕೊಡಿ. ಆಮೇಲೆ ಬಾಯಿ ಬಂದ್. ಮುಗಿದ ಮೇಲೆ ಎಷ್ಟು ಬೇಕಾದರೂ ಮಾತಾಡಲಿ.

ಗದ್ದಲಪ್ರಿಯ:
ಅಯ್ಯೋ, ಗೆಳೆಯರು ಸೇರಿರೋದು ಪರೀಕ್ಷೆ ಹಾಲ್‌ನಲ್ಲಿ ಕೂತ ಹಾಗೆ ಕೂರೋಕಾ? ಸುಮ್ನೆ ಕೇಳೋದಾದರೆ ಒಬ್ಬನೇ ಹೆಡ್‌ಫೋನ್ ಹಾಕಿಕೊಂಡು ಕೇಳಬಹುದು. ಪಕ್ಕದವನು "ಆಹಾ, ಈ ಬೇಸ್ ಕೇಳು" ಅಂದಾಗಲೇ ನನಗೆ ಎಷ್ಟೋ ಸಲ ಬೇಸ್ ಕಿವಿಗೆ ಬಿದ್ದಿದೆ. ಬಿಲ್ ಇವಾನ್ಸ್ ಟ್ರಯೋ ಅನ್ನೋ ಮೂವರ ತಂಡ 1961ರಲ್ಲಿ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್‌ನಲ್ಲಿ ನುಡಿಸಿದ ರೆಕಾರ್ಡಿಂಗ್ ಕೇಳಿ. ಜನ ಮಾತಾಡೋದು, ಗ್ಲಾಸ್ ಸದ್ದು ಎಲ್ಲಾ ಕೇಳುತ್ತೆ. ಜ್ಯಾಝ್‌ನ ದೊಡ್ಡ ಆಲ್ಬಂಗಳಲ್ಲಿ ಅದೂ ಒಂದು. ಯಾರ ಕಿವಿಯೂ ತೂತಾಗಿಲ್ಲ.

ಮೂರನೇತಂತಿ:
@ಗದ್ದಲಪ್ರಿಯ ಅಲ್ಲಿ ಜನ ಮಾತಾಡಿದರು ನಿಜ, ಟ್ರಯೋ ನುಡಿಸೋದನ್ನು ಯಾರೂ ನಿಲ್ಲಿಸಲಿಲ್ಲ ಅಲ್ವಾ! ಅದೂ ಅಲ್ಲದೆ, ಆ ರೆಕಾರ್ಡಿಂಗ್ ಆಗಿ ಹನ್ನೊಂದೇ ದಿನಕ್ಕೆ ಅದರಲ್ಲಿ ಬೇಸ್ ನುಡಿಸಿದ ಬಾಸಿಸ್ಟ್ ಸ್ಕಾಟ್ ಲಫಾರೋ ಕಾರು ಅಪಘಾತದಲ್ಲಿ ತೀರಿಕೊಂಡರು. ವಯಸ್ಸು ಬರೀ 25. ಆವತ್ತು ಹರಟೆ ಹೊಡೆದವರು ಏನು ಕಳೆದುಕೊಂಡರು ಅಂತ ನನಗೆ ಈಗಲೂ ಅನಿಸುತ್ತೆ.

ಬಿ_ಸೈಡ್:
ಎಲ್ಲರೂ ಒಂದು ವಿಷಯ ಮರೆಯುತ್ತಿದ್ದೀರಿ. ಈ ಆಲ್ಬಂಗಳಲ್ಲಿ ವಿರಾಮ ಮೊದಲೇ ಇದೆ. ಎಲ್‌ಪಿ ಬಂದಿದ್ದು 1948ರಲ್ಲಿ. ಒಂದು ಬದಿಗೆ ಇಪ್ಪತ್ತು ಚಿಲ್ಲರೆ ನಿಮಿಷ, ಆಮೇಲೆ ಎದ್ದು ತಿರುಗಿಸಲೇಬೇಕು. ಮಾಡಿದವರಿಗೆ ಅದು ಗೊತ್ತಿತ್ತು, ಹಾಡುಗಳನ್ನು ಹಾಗೇ ಜೋಡಿಸಿದ್ದಾರೆ. 'ಡಾರ್ಕ್ ಸೈಡ್'ನಲ್ಲಿ ಕ್ಲೇರ್ ಟೋರಿ ಹಾಡು ಮುಗಿದರೆ ಮೊದಲ ಬದಿ ಮುಗಿಯಿತು. ತಿರುಗಿಸಿದರೆ ನಾಣ್ಯಗಳ ಝಣಝಣ. ಆ ನಡುವಿನ ಒಂದು ನಿಮಿಷದ ಮೌನವೂ ಆಲ್ಬಂನದೇ.

ಇದಕ್ಕಿಂತ ಒಳ್ಳೇ ಉದಾಹರಣೆ ಬೀಟಲ್ಸ್‌ನ 'ಆ್ಯಬಿ ರೋಡ್' (1969). ಮೊದಲ ಬದಿಯ ಕೊನೆ ಹಾಡು ಒಂದೇ ವರಸೆಯನ್ನು ಮತ್ತೆ ಮತ್ತೆ ನುಡಿಸುತ್ತಾ ದಪ್ಪಗಾಗುತ್ತಾ ಹೋಗುತ್ತೆ. ಗಾಳಿಯಂಥ ಸದ್ದು ತುಂಬಿಕೊಳ್ಳುತ್ತೆ. ಆಮೇಲೆ ಕತ್ತರಿ ಹಾಕಿದಂತೆ ಕಟ್. ಎಲ್‌ಪಿಯಲ್ಲಾದರೆ ಸೂಜಿಯ ಕರಕರ ಬಿಟ್ಟು ಇನ್ನೇನೂ ಇಲ್ಲ, ಎಲ್ಲರೂ ಮುಖ ಮುಖ ನೋಡುತ್ತಾರೆ. ಆ್ಯಪ್‌ನಲ್ಲಿ ಎರಡು ಸೆಕೆಂಡಿಗೇ ಸೂರ್ಯ ಹುಟ್ಟಿದ ಖುಷಿಯ ಹಾಡು ಶುರು. ಹಾಗಾಗಿ ನಮ್ಮ ನಿಯಮ ಇಷ್ಟೇ. ಮಾತು ಬದಿ ತಿರುಗಿಸುವಾಗ ಮಾತ್ರ.

ಒಂಟಿಸ್ಪೀಕರ್:
@ಬಿ_ಸೈಡ್ ಐಡಿಯಾ ಚೆನ್ನಾಗಿದೆ. ಆದರೆ ನಮ್ಮಲ್ಲಿ ಯಾರ ಹತ್ತಿರವೂ ಎಲ್‌ಪಿ ಹಾಕೋ ಟರ್ನ್‌ಟೇಬಲ್ ಇಲ್ಲ. ಫೋನ್, ಒಂದು ಸ್ಪೀಕರ್, ಅಷ್ಟೇ. ಹೆಸರೇ ಹೇಳುತ್ತಲ್ಲ.

ಬಿ_ಸೈಡ್:
ಟರ್ನ್‌ಟೇಬಲ್ ಬೇಕಾಗಿಯೇ ಇಲ್ಲ. ಮೊದಲ ಎಲ್‌ಪಿಯಲ್ಲಿ ಯಾವ ಹಾಡಿಗೆ ಬದಿ ಮುಗಿಯುತ್ತಿತ್ತು ಅಂತ ನೋಡಿಕೊಳ್ಳಿ. ಅಲ್ಲಿ ನಿಲ್ಲಿಸಿ, ಎದ್ದು ಕಾಲಾಡಿಸಿ, ಪಂಡಿತರ ಮಾತು ಕೇಳಿ, ಮತ್ತೆ ಕೂರಿ. ಇನ್ನೊಂದು, ಆ್ಯಪ್‌ನ ಕ್ರಾಸ್‌ಫೇಡ್ ಆಫ್ ಮಾಡಿ. ಒಂದು ಹಾಡಿನ ಬಾಲಕ್ಕೆ ಇನ್ನೊಂದರ ತಲೆ ಅಂಟಿಸುತ್ತೆ ಅದು. ಹಾಗೇ ಆಲ್ಬಂ ಮುಗಿದ ಮೇಲೆ ತಾನೇ ಬೇರೆ ಹಾಡು ಹಾಕುವ ಆಟೊಪ್ಲೇ ಕೂಡ. ದೊಡ್ಡ ಆಲ್ಬಂ ಮುಗಿದು ಎಲ್ಲರೂ ಸುಮ್ಮನಿರುವಾಗ ಯಾವುದೋ ಸಂಬಂಧವಿಲ್ಲದ ಹಾಡು ಬಂದರೆ ಕೋಪ ಬರುತ್ತೆ.

ಅರೆಕಿವಿ:
ಹಾಡುಗಳ ಕ್ರಮ ಕಲಸಿ ಹಾಕುವ ಶಫಲ್ ಕೂಡ ನೋಡಿಕೊಳ್ಳಿ. 2021ರಲ್ಲಿ ಗಾಯಕಿ ಅಡೆಲ್ ಹೊಸ ಆಲ್ಬಂ ಬಂದಾಗ, ಹಾಡುಗಳ ಸಾಲಿಗೂ ಒಂದು ಅರ್ಥ ಇದೆ ಅಂತ ಪಟ್ಟು ಹಿಡಿದರು. ಸ್ಪಾಟಿಫೈ ಆಲ್ಬಂ ಪುಟದಲ್ಲಿ ಪ್ಲೇ ಒತ್ತಿದರೆ ಕ್ರಮವಾಗಿ ಬರುವ ಹಾಗೆ ಬದಲಾಯಿಸಿತು. ಆದರೂ ಹಳೇ ಸೆಟ್ಟಿಂಗ್ ಹಾಗೇ ಉಳಿದಿರುತ್ತೆ ಒಮ್ಮೊಮ್ಮೆ.

ಕಪ್ಪುತಟ್ಟೆ:
ನನ್ನ ಕೇಳಿದರೆ ಎಲ್‌ಪಿ ಇಲ್ಲದೆ ಕ್ಲಾಸಿಕ್ ಆಲ್ಬಂ ಕೇಳೋದೇ ದಂಡ. ಆ ಬೆಚ್ಚನೆ ಸದ್ದು ಫೋನ್‌ನಲ್ಲಿ ಎಲ್ಲಿ ಬರುತ್ತೆ?

ಸೊನ್ನೆಒಂದು:
ಶುರುವಾಯಿತು ನೋಡಿ.

@ಕಪ್ಪುತಟ್ಟೆ ಎಲ್‌ಪಿ ತಿರುಗುವ ವೇಗ ಒಂದೇ, ನಿಮಿಷಕ್ಕೆ ಮೂವತ್ತಮೂರೂ ಮೂರನೇ ಒಂದು ಸುತ್ತು. ಆದರೆ ಹೊರ ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ 50 ಸೆಂಟಿಮೀಟರ್ ಗೀರು ಹಾಯುತ್ತೆ. ಒಳಗೆ ಲೇಬಲ್ ಹತ್ತಿರ ಬಂದಾಗ ಸುಮಾರು 20 ಮಾತ್ರ. ಅದೇ ಸದ್ದನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಬೇಕು. ಅದಕ್ಕೇ ಬದಿಯ ಕೊನೆ ಹಾಡಿನಲ್ಲಿ ಸ, ಶ, ಸಿಂಬಲ್ ಎಲ್ಲಾ ಒರಟಾಗೋದು. ಎಷ್ಟೋ ಆಲ್ಬಂಗಳಲ್ಲಿ ಬದಿಯ ಕೊನೆಗೆ ಮೆತ್ತನೆಯ ಹಾಡು ಇಡುತ್ತಿದ್ದುದಕ್ಕೆ ಇದೂ ಒಂದು ಕಾರಣ. ಬೆಚ್ಚನೆ ಅಂತೆ!

ಕಪ್ಪುತಟ್ಟೆ:
ಲೆಕ್ಕ ಹಾಕೋರಿಗೆ ಸಂಗೀತ ಕೇಳಲ್ಲ ಬಿಡಿ.

ಸೊನ್ನೆಒಂದು:
ಸರಿ, ಜ್ಯಾಝ್‌ನ ಮೈಲ್ಸ್ ಡೇವಿಸ್‌ನ 'ಕೈಂಡ್ ಆಫ್ ಬ್ಲೂ' ತೆಗೆದುಕೊಳ್ಳಿ. 1959ರ ಮಾರ್ಚ್‌ನಲ್ಲಿ ಮೊದಲ ಬದಿ ರೆಕಾರ್ಡ್ ಮಾಡಿದ ಯಂತ್ರ ಸ್ವಲ್ಪ ನಿಧಾನ ಓಡುತ್ತಿತ್ತು. ಸರಿಯಾದ ವೇಗದಲ್ಲಿ ನುಡಿಸಿದಾಗ ಶ್ರುತಿ ಏರಿತು. ಆ ಏರಿದ ಶ್ರುತಿಯ ಮೊದಲ ಬದಿಯನ್ನೇ ಜಗತ್ತು ಮೂವತ್ತು ವರ್ಷಕ್ಕೂ ಜಾಸ್ತಿ ಕೇಳಿತು. ಅದು ಸರಿಹೋಗಿದ್ದು 1992ರ ಸಿಡಿಯಲ್ಲಿ. ನಿಮ್ಮ ಬೆಚ್ಚನೆ ಹಳೇ ಎಲ್‌ಪಿಯಲ್ಲಿ ಮೈಲ್ಸ್ ಆವತ್ತು ನುಡಿಸಿದ ಶ್ರುತಿಯೇ ಇಲ್ಲ.

ಮೂರನೇತಂತಿ:
ಇದು ನಿಜ. ಹಳೇ ಪ್ರತಿ ಹಾಕಿಕೊಂಡು ಪಿಯಾನೊದಲ್ಲಿ ಜೊತೆಗೂಡಿ ನೋಡಿ, ಮೊದಲ ಬದಿಯ ಮೂರು ಹಾಡಿಗೂ ಶ್ರುತಿ ಕೂಡಲ್ಲ. ಎರಡನೇ ಬದಿಗೆ ಸಲೀಸು. ಗುಂಪಿನಲ್ಲಿ ಎರಡೂ ಪ್ರತಿ ಒಂದರ ಹಿಂದೊಂದು ಹಾಕಿದರೆ ಮಜಾ ಇರುತ್ತೆ. ಎಷ್ಟೋ ಜನಕ್ಕೆ ತಪ್ಪು ಶ್ರುತಿಯದೇ ಇಷ್ಟ, ಅದೇ ರೂಢಿಯಾಗಿದೆ.

ಲೋಕಾಭಿರಾಮ:
ಆ ಆಲ್ಬಂ ಪೂರ್ತಿ ಒಂದೇ ಟೇಕ್‌ನಲ್ಲಿ ಆಗಿದ್ದಂತೆ. ಅದಕ್ಕೇ ದೊಡ್ಡವರು ದೊಡ್ಡವರೇ.

ಮೂರನೇತಂತಿ:
@ಲೋಕಾಭಿರಾಮ ಹಾಗಲ್ಲ ಸಾರ್. ಶುರು ಮಾಡಿ ನಿಲ್ಲಿಸಿದ ಟೇಕ್‌ಗಳು ಬೇಕಾದಷ್ಟಿವೆ, ಬಿಡುಗಡೆಯೂ ಆಗಿವೆ. ಕೊನೆಯವರೆಗೆ ಪೂರ್ತಿ ನುಡಿಸಿದ ಮೊದಲ ಟೇಕ್ ಅನ್ನೇ ಹೆಚ್ಚು ಕಡಿಮೆ ಎಲ್ಲಕ್ಕೂ ಇಟ್ಟುಕೊಂಡರು. ಕೊನೆಯ ಹಾಡಿಗೆ ಮಾತ್ರ ಪೂರ್ತಿ ಟೇಕ್ ಎರಡಿವೆ. ಒಂದೇ ಟೇಕ್ ಅನ್ನೋದು ಕೇಳೋಕೆ ಚೆಂದ, ಅಷ್ಟೇ.

ಲೋಕಾಭಿರಾಮ:
ಒಂದೇ ಪೂರ್ತಿ ಟೇಕ್, ನಾನು ಹೇಳಿದ್ದೂ ಅದನ್ನೇ.

ನಡುಮನೆ:
ಮೂಲ ಪ್ರಶ್ನೆಗೆ ಬರೋಣ. ಪಂಡಿತರು ಕಥೆ ಯಾವಾಗ ಹೇಳುತ್ತಾರೆ ಅನ್ನೋದಕ್ಕಿಂತ, ಯಾವ ಕಥೆ ಹೇಳುತ್ತಾರೆ ಅನ್ನೋದು ಮುಖ್ಯ ಅಂತ ನನಗನಿಸುತ್ತೆ.

ಫ್ಲೀಟ್‌ವುಡ್ ಮ್ಯಾಕ್‌ನ 'ರೂಮರ್ಸ್' (1977) ಹಾಕಿದಾಗ ನಮ್ಮಲ್ಲಿ ಇದೇ ಜಗಳ ಬಂತು. ಆ ಆಲ್ಬಂ ಕಥೆ ಎಲ್ಲರಿಗೂ ಗೊತ್ತು. ಬ್ಯಾಂಡ್‌ನಲ್ಲಿದ್ದ ಎರಡು ಜೋಡಿ ಮುರಿದುಬಿದ್ದಿತ್ತು, ಡ್ರಮ್ಮರ್ ಮದುವೆಯೂ ಕುಸಿಯುತ್ತಿತ್ತು. ಒಬ್ಬರ ಮೇಲೊಬ್ಬರು ಹಾಡು ಬರೆದರು. ಯಾರ ಮೇಲೆ ಬರೆದರೋ ಅವರೇ ಅದಕ್ಕೆ ಗಿಟಾರ್ ನುಡಿಸಬೇಕು, ಕೋರಸ್ ಹಾಡಬೇಕು. ಕ್ರಿಸ್ಟೀನ್ ಮೆಕ್‌ವಿ ಹೊಸ ಗೆಳೆಯನ ಮೇಲೆ ಬರೆದ ಹಾಡನ್ನು, ಇದು ನನ್ನ ನಾಯಿ ಮೇಲೆ ಬರೆದಿದ್ದು ಅಂತ ಗಂಡನಿಗೆ ಹೇಳಿದ್ದರಂತೆ. ಆತನೇ ಬಾಸಿಸ್ಟ್!

ನಮ್ಮಲ್ಲಿ ಒಬ್ಬಳಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಹೇಳಬೇಡಿ ಅಂದಳು. ಪೂರ್ತಿ ಕೇಳಿದ ಮೇಲೆ ಅವಳು ಹೇಳಿದ ಮೊದಲ ಮಾತು, "ಇವರ ಗಂಟಲುಗಳು ಎಷ್ಟು ಚೆನ್ನಾಗಿ ಬೆರೆಯುತ್ತವೆ, ತುಂಬಾ ಅನ್ಯೋನ್ಯ ಇರಬೇಕು." ನಾವೆಲ್ಲ ನಕ್ಕೆವು. ಆದರೆ ಯೋಚಿಸಿದರೆ, ಆ ಆಲ್ಬಂ ಬಗ್ಗೆ ಇಷ್ಟು ಒಳ್ಳೆಯ ಮಾತು ನಾನು ಬೇರೆಲ್ಲೂ ಕೇಳಿಲ್ಲ. ಕಥೆ ಗೊತ್ತಿದ್ದ ನಾವು ಪ್ರತಿ ಸಾಲಿಗೂ "ಇದು ಅವನಿಗೆ, ಇದು ಅವಳಿಗೆ" ಅಂತ ಹಂಚುತ್ತಾ ಕೂತಿದ್ದೆವು. ಹಾಡು ಕೇಳಿದ್ದು ಅವಳೊಬ್ಬಳೇ.

ಆಮೇಲೆ ಕಥೆ ಹೇಳಿದೆವು. ಇನ್ನೊಂದು ಸಲ ಹಾಕಿ ಅಂದಳು. ಎರಡನೇ ಸಲ ಅವಳ ಮುಖವೇ ಬೇರೆ. ಎರಡೂ ಸಿಕ್ಕಿದ್ದು ಅವಳಿಗೆ ಮಾತ್ರ. ಈಗ ನಮ್ಮಲ್ಲಿ ಯಾರಿಗಾದರೂ ಆಲ್ಬಂ ಹೊಸದಾಗಿದ್ದರೆ ಮೊದಲ ಸುತ್ತಿಗೆ ಕಥೆ ಇಲ್ಲ.

ಸೂಜಿಮೊನೆ:
ಆ ಆಲ್ಬಂನಿಂದ ಬ್ಯಾಂಡ್‌ನ ಗಾಯಕಿ ಸ್ಟೀವಿ ನಿಕ್ಸ್ ಹಾಡೊಂದನ್ನು ಕೈಬಿಟ್ಟರಲ್ಲ, ಎಲ್‌ಪಿಯಲ್ಲಿ ಜಾಗ ಸಾಲದೆ. ಸಿಂಗಲ್‌ನ (ಬದಿಗೊಂದೇ ಹಾಡಿರುವ ಚಿಕ್ಕ ತಟ್ಟೆ) ಹಿಂದಿನ ಬದಿಗೆ ಹಾಕಿದರು. ಅದೂ ಅವಳ ಮಾಜಿ ಗೆಳೆಯನ ಹಾಡಿನ ಹಿಂದೆ! ಈಗಿನ ಕೆಲವು ಪ್ರತಿಗಳಲ್ಲಿ ಆ ಹಾಡೂ ಸೇರಿದೆ. ಗುಂಪಲ್ಲಿ ಕೇಳುವಾಗ ಅದನ್ನು ಸೇರಿಸಬೇಕಾ ಬಿಡಬೇಕಾ?

ಬಿ_ಸೈಡ್:
ಬಿಡಬೇಕು. 1977ರಲ್ಲಿ ಜನ ಕೇಳಿದ ಆಲ್ಬಂ ಅದಿಲ್ಲದ್ದು.

ನಡುಮನೆ:
ಸೇರಿಸಬೇಕು. ಅಷ್ಟು ಒಳ್ಳೇ ಹಾಡನ್ನು ನಿಮಿಷದ ಲೆಕ್ಕಕ್ಕೆ ಬಲಿ ಕೊಟ್ಟಿದ್ದನ್ನೇ ನಾವೂ ಮುಂದುವರಿಸಬೇಕಾ?

ತಡರಾತ್ರಿ:
'ಡಾರ್ಕ್ ಸೈಡ್' ಅಂದಾಗ ನೆನಪಾಯಿತು. 1939ರ 'ದ ವಿಝರ್ಡ್ ಆಫ್ ಆಝ್' ಸಿನಿಮಾವನ್ನು ಸದ್ದಿಲ್ಲದೆ ಹಾಕಿ, ಜೊತೆಗೆ ಈ ಆಲ್ಬಂ ಓಡಿಸಿದರೆ ಎರಡೂ ಕರೆಕ್ಟಾಗಿ ಕೂಡುತ್ತವಂತೆ. ಯಾರಾದರೂ ಮಾಡಿದ್ದೀರಾ?

ಸೊನ್ನೆಒಂದು:
ಸಿನಿಮಾ ನೂರು ನಿಮಿಷ, ಆಲ್ಬಂ 43. ಎರಡೂ ಚಿಲ್ಲರೆ ಸಲ ತಿರುಗಿಸಿ ಹಾಕಬೇಕು. ಅಷ್ಟು ಹೊತ್ತು ಯಾವ ಆಲ್ಬಂ ಹಾಕಿದರೂ ಎಲ್ಲೋ ಒಂದು ಕಡೆ ಕೂಡುತ್ತೆ. ಬ್ಯಾಂಡ್‌ನವರೇ ಅಂಥ ಉದ್ದೇಶ ಇರಲಿಲ್ಲ ಅಂದಿದ್ದಾರೆ.

ತಡರಾತ್ರಿ:
ಆದರೂ ಸಿನಿಮಾ ಬಣ್ಣಕ್ಕೆ ತಿರುಗುವಾಗಲೇ ನಾಣ್ಯದ ಸದ್ದು ಬರುತ್ತೆ ಅಂತಾರಲ್ಲ, ಅದಕ್ಕೇನು ಹೇಳುತ್ತೀರಿ.

ಸೂಜಿಮೊನೆ:
ಈತನ ಕೈಗೂ ಫೋನ್ ಕೊಡಬೇಡಿ.

ಕುರಿಗಾಹಿ:
ಇಷ್ಟುದ್ದ ಚರ್ಚೆಯಲ್ಲಿ ಎಲ್ಲಾ ಇಂಗ್ಲಿಷ್ ಆಲ್ಬಂಗಳೇ ಆದವಲ್ಲ. 'ಕಾಲ್ ಆಫ್ ದ ವ್ಯಾಲಿ' ಕೇಳಿದ್ದೀರಾ? ಶಿವಕುಮಾರ್ ಶರ್ಮಾ ಸಂತೂರ್, ಹರಿಪ್ರಸಾದ್ ಚೌರಾಸಿಯಾ ಕೊಳಲು, ಬ್ರಿಜ್‌ಭೂಷಣ್ ಕಾಬ್ರಾ ಗಿಟಾರ್. 1960ರ ದಶಕದ್ದು. ಕಾಶ್ಮೀರದ ಕುರಿಗಾಹಿಯ ಒಂದು ದಿನ, ಬೆಳಗಿನ ಅಹಿರ್ ಭೈರವದಿಂದ ಶುರುವಾಗಿ ಪಹಾಡಿಗೆ ಮುಗಿಯುತ್ತೆ. ಹೊತ್ತಿಗೆ ತಕ್ಕ ರಾಗ, ರಾಗಕ್ಕೆ ತಕ್ಕ ಕಥೆ. ರಾಕ್‌ನವರು ಕಥೆ ಇರುವ ಆಲ್ಬಂ ಅಂತ ಹೆಮ್ಮೆಪಡುತ್ತಿದ್ದ ಕಾಲದಲ್ಲೇ ಇಲ್ಲೂ ಆಗಿತ್ತು. ಇದನ್ನು ಹಾಕಿ. ಹಾಡಿನ ಸಾಲುಗಳಿಲ್ಲ, ಪಂಡಿತರಿಗೆ ಬಿಡಿಸಿ ಹೇಳೋಕೆ ಏನೂ ಸಿಗಲ್ಲ.

ಒಂಟಿಸ್ಪೀಕರ್:
ಸಿಗಲ್ಲ ಅಂದುಕೊಂಡಿದ್ದೀರಿ. ನಮ್ಮವನನ್ನು ನೀವು ನೋಡಿಲ್ಲ.

ಅಡಿಟಿಪ್ಪಣಿ:
ನಮ್ಮ ಗುಂಪಿನಲ್ಲಿ ಆ ಪಂಡಿತ ನಾನೇ. ಅದಕ್ಕೇ ನಮ್ಮ ಕಡೆಯ ವಾದವನ್ನೂ ಸ್ವಲ್ಪ ಕೇಳಿ.

ಬೀಟಲ್ಸ್‌ನ 'ಸಾರ್ಜೆಂಟ್ ಪೆಪ್ಪರ್' (1967) ಕೊನೆಯಲ್ಲಿ ಪಿಯಾನೊಗಳೆಲ್ಲ ಸೇರಿ ಒಂದೇ ಸ್ವರಮೇಳ ಹೊಡೆಯುತ್ತವೆ. ಅದು ಸಾಯಲು ನಲವತ್ತು ಸೆಕೆಂಡಿಗೂ ಜಾಸ್ತಿ ಹಿಡಿಯುತ್ತೆ. ಸದ್ದು ಕುಗ್ಗುತ್ತಾ ಹೋದಂತೆ ಎಂಜಿನಿಯರ್ ಮೈಕ್‌ಗಳ ವಾಲ್ಯೂಮ್ ಏರಿಸುತ್ತಾ ಹೋದರು. ಅದರಿಂದ ಕೊನೆಗೆ ಸ್ಟುಡಿಯೊದಲ್ಲಿ ಯಾರದೋ ಕುರ್ಚಿ ಕಿರ್ ಅನ್ನೋದೂ ಕೇಳುತ್ತೆ. ಇದನ್ನು ಮೊದಲೇ ಹೇಳಿದರೆ ಆ ಹೊತ್ತಿಗೆ ಯಾರಿಗೂ ನೆನಪಿರಲ್ಲ. ಆಮೇಲೆ ಹೇಳಿದರೆ "ಹೌದಾ" ಅಂದು ಮರೆಯುತ್ತಾರೆ. ಆ ಕ್ಷಣದಲ್ಲೇ "ಈಗ ಕುರ್ಚಿ ಕೇಳಿ" ಅಂದರೆ ಜೀವನಪೂರ್ತಿ ಕೇಳುತ್ತಾರೆ. ನಾವು ಪ್ರದರ್ಶನಕ್ಕೆ ಮಾತಾಡಲ್ಲ ಸ್ವಾಮಿ. ಕಂಡಿದ್ದನ್ನು ತೋರಿಸದೆ ಇರೋಕಾಗಲ್ಲ.

ನಡುಮನೆ:
@ಅಡಿಟಿಪ್ಪಣಿ ಒಪ್ಪುತ್ತೇನೆ. ಆದರೆ ಆ ಕುರ್ಚಿಗೆ ನೀವು ಆಲ್ಬಂ ನಿಲ್ಲಿಸಬೇಕಾಗಿಲ್ಲ. ಬೆರಳು ಎತ್ತಿದರೆ ಸಾಕು. ಒಂಟಿಸ್ಪೀಕರ್ ಅವರ ತಕರಾರು ನಿಲ್ಲಿಸೋದರ ಬಗ್ಗೆ.

ಗದ್ದಲಪ್ರಿಯ:
ಬೆರಳು ಎತ್ತೋದು ಒಳ್ಳೇ ಐಡಿಯಾ. ನಾನೂ ಒಪ್ಪಿದೆ. ಮಾತಾಡಿ, ಆದರೆ ನಿಲ್ಲಿಸಬೇಡಿ.

ಅರೆಕಿವಿ:
2020ರಲ್ಲಿ ಗಾಯಕ ಟಿಮ್ ಬರ್ಗೆಸ್ ಟ್ವಿಟರ್‌ನಲ್ಲಿ ನಡೆಸಿದ ಲಿಸನಿಂಗ್ ಪಾರ್ಟಿಗಳು ನೆನಪಿವೆಯಾ? ಹೇಳಿದ ಹೊತ್ತಿಗೆ ಎಲ್ಲರೂ ಅವರವರ ಮನೆಯಲ್ಲಿ ಪ್ಲೇ ಒತ್ತುತ್ತಿದ್ದರು. ಆಲ್ಬಂ ಮಾಡಿದವರೇ ಎಷ್ಟೋ ಸಲ ಹಾಡು ಹಾಡಿಗೂ ಬರೆಯುತ್ತಿದ್ದರು. ಬರವಣಿಗೆ ಆದ್ದರಿಂದ ಸಂಗೀತಕ್ಕೆ ಅಡ್ಡಿ ಇಲ್ಲ. ಬೇಕಾದವರು ಓದುತ್ತಾರೆ, ಬೇಡದವರು ಕಣ್ಣು ಮುಚ್ಚಿ ಕೇಳುತ್ತಾರೆ. ನೀವೂ ಒಂದು ಗ್ರೂಪ್ ಮಾಡಿ, ಪಂಡಿತರು ಅಲ್ಲಿ ಬರೆಯಲಿ.

ಮೂರನೇತಂತಿ:
ಫೋನ್ ಬೆಳಕು ಕಣ್ಣಿಗೆ ಹೊಡೆಯುತ್ತೆ. ಕಾಗದ ಪೆನ್ನು ಕೊಡಿ.

ಸೊನ್ನೆಒಂದು:
ಒಂದೇ ಸ್ಪೀಕರ್ ಅಂದಿರಲ್ಲ @ಒಂಟಿಸ್ಪೀಕರ್, ಅದಕ್ಕೆ ಬೇಜಾರು ಬೇಡ. ಸ್ಟೀರಿಯೊ ಸರಿಯಾಗಿ ಸಿಗೋದು ನಡುವೆ ಕೂತ ಒಬ್ಬನಿಗೆ. ಉಳಿದ ನಾಲ್ವರಿಗೆ ಎಡವೋ ಬಲವೋ ಜಾಸ್ತಿ. ಎಡ ಬಲ ಅಂತ ಸದ್ದು ಹಂಚದ ಮಾನೊ ಆಲ್ಬಂ ಆದರೆ ಐವರಿಗೂ ಒಂದೇ ಸಂಗೀತ. ಬೀಚ್ ಬಾಯ್ಸ್‌ನ 'ಪೆಟ್ ಸೌಂಡ್ಸ್' (1966) ಬಂದಿದ್ದೇ ಮಾನೊದಲ್ಲಿ. ಬ್ರಯಾನ್ ವಿಲ್ಸನ್‌ಗೆ ಒಂದು ಕಿವಿ ಕೇಳುತ್ತಿರಲಿಲ್ಲ. ಅದರ ಸ್ಟೀರಿಯೊ ಮಿಕ್ಸ್ ಬಂದಿದ್ದು 1990ರ ದಶಕದಲ್ಲಿ. 'ಸಾರ್ಜೆಂಟ್ ಪೆಪ್ಪರ್' ವಿಷಯದಲ್ಲೂ ಬೀಟಲ್ಸ್ ತಲೆಕೆಡಿಸಿಕೊಂಡಿದ್ದು ಮಾನೊ ಮಿಕ್ಸ್‌ಗೇ. ಇಂಥವನ್ನು ಹುಡುಕಿ ಹಾಕಿ. ಜಗಳ ಮಾಡೋಕೂ ಎಲ್ಲರೂ ಒಂದೇ ಕೇಳಿರಬೇಕಲ್ವಾ.

ಕಪ್ಪುತಟ್ಟೆ:
ಮೊದಲ ಸಲ ಈತನ ಮಾತಿಗೆ ಹೂಂ ಅನ್ನುತ್ತಿದ್ದೇನೆ. ಹಳೇ ಮಾನೊ ಎಲ್‌ಪಿ ಆದರೆ ಇನ್ನೂ ಒಳ್ಳೆಯದು.

ಸೊನ್ನೆಒಂದು:
ಬಿಡಲ್ಲ ನೀವು.

ಒಂಟಿಸ್ಪೀಕರ್:
ಎಲ್ಲರಿಗೂ ಥ್ಯಾಂಕ್ಸ್. ಗುಂಪಿನಲ್ಲಿ ಮಾತಾಡಿದೆ. ಸದ್ಯಕ್ಕೆ ಒಪ್ಪಂದ ಹೀಗೆ. ಮೊದಲ ಸುತ್ತಿನಲ್ಲಿ ಬದಿ ಮುಗಿಯುವವರೆಗೆ ಯಾರೂ ನಿಲ್ಲಿಸುವ ಹಾಗಿಲ್ಲ, ಬೆರಳು ಎತ್ತಬಹುದು. ಪೂರ್ತಿ ಮುಗಿದ ಮೇಲೆ ಪಂಡಿತ ಎರಡು ಹಾಡು ಆರಿಸಿಕೊಂಡು, ಎಷ್ಟು ಸಲ ಬೇಕಾದರೂ ನಿಲ್ಲಿಸಿ ವಿವರಿಸಬಹುದು. ಎರಡೇ. ಬರಲ್ಲ ಅಂದವಳು ಒಂದು ಸಲ ನೋಡುತ್ತೇನೆ ಅಂದಿದ್ದಾಳೆ.

ಅವನೂ ಒಪ್ಪಿದ, ಸ್ವಲ್ಪ ಮುಖ ಊದಿಸಿಕೊಂಡು. ಆದರೆ ಮುಂದಿನ ಸರದಿ ಅವನದೇ. 'ಟ್ರೌಟ್ ಮಾಸ್ಕ್ ರೆಪ್ಲಿಕಾ' ಆರಿಸಿದ್ದಾನೆ. ಕೇಳಿದವರು ಇದ್ದೀರಾ?

ಸೂಜಿಮೊನೆ:
ಹಹ್ಹಾ, ಸೇಡು ತೀರಿಸಿಕೊಂಡ.

ಬಿ_ಸೈಡ್:
1969ರ ಡಬಲ್ ಎಲ್‌ಪಿ, 28 ಹಾಡು, ಎಂಬತ್ತು ನಿಮಿಷಕ್ಕೆ ಸ್ವಲ್ಪ ಕಡಿಮೆ. ನಿಮ್ಮ ಒಪ್ಪಂದದ ಪ್ರಕಾರ ಬದಿ ನಾಲ್ಕು, ಅಂದರೆ ನಡುವೆ ಮೂರು ಸಲ ಅವನಿಗೆ ಮಾತಾಡೋಕೆ ಅವಕಾಶ. ಹುಷಾರಿದ್ದಾನೆ.

ಮೂರನೇತಂತಿ:
ಮೊದಲ ಸಲ ಕೇಳಿದರೆ ಒಬ್ಬೊಬ್ಬರು ಒಂದೊಂದು ಹಾಡು ನುಡಿಸುತ್ತಿದ್ದಾರೆ ಅನಿಸುತ್ತೆ. ಆದರೆ ಕ್ಯಾಪ್ಟನ್ ಬೀಫ್‌ಹಾರ್ಟ್ ಬ್ಯಾಂಡ್‌ನವರು ಒಂದೇ ಮನೆಯಲ್ಲಿದ್ದುಕೊಂಡು ತಿಂಗಳುಗಟ್ಟಲೆ ಅಭ್ಯಾಸ ಮಾಡಿ ಕಲಿತ ಸಂಗೀತ ಅದು. ಸುಮ್ನೆ ಬಡಿದಿದ್ದಲ್ಲ.

ಗದ್ದಲಪ್ರಿಯ:
ಇದೊಂದಕ್ಕೆ ಮಾತ್ರ ಪಂಡಿತರು ನಡುನಡುವೆ ನಿಲ್ಲಿಸಲಿ ಅಂತ ನೀವೇ ಬೇಡಿಕೊಳ್ಳುತ್ತೀರಿ ನೋಡಿ.

ಒಂಟಿಸ್ಪೀಕರ್:
@ಬಿ_ಸೈಡ್ ನಾಲ್ಕು ಬದಿ ಅನ್ನೋದು ನನಗೆ ಹೊಳೆದೇ ಇರಲಿಲ್ಲ. ಡಬಲ್ ಎಲ್‌ಪಿಗೆ ಬೇರೆ ನಿಯಮ ಮಾಡಬೇಕು. ಯಾರಾದರೂ ಮಾಡಿದ್ದರೆ ಹೇಳಿ.